ಸೋಮವಾರದ ಮೂರು ರಿಂಗು

"ಬುದ್ಧೀ, ಹದಿನಾಲ್ಕು ವರ್ಷದಿಂದ ಒಂದೇ ಫೋನ್ ಕಂಪನಿಯಲ್ಲಿದೀನಿ. ಹಳೇ ಗ್ರಾಹಕ ಅಂತ ಕೊಡ್ತಿದ್ದ ಸವಲತ್ತನ್ನೆಲ್ಲ ಒಂದೊಂದಾಗಿ ಕಿತ್ಕೊಂಡ್ರು. ಇನ್ನೊಂದು ಕಂಪನಿಯವರು ಬಾ ಬಾ ಅಂತ ಕರೀತಿದಾರೆ. ಹೋಗ್ಲೋ, ಇರ್ಲೋ?"

ಕೇಳಿದವನು ಕರಿಬಸಯ್ಯ, ಆ ಮಠದ ಶಿಷ್ಯರಲ್ಲಿ ಹಳಬ. ಕಟ್ಟೆಯ ಮೇಲಿದ್ದ ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಜೀವ ಯಾವುದು, ಮಾಯೆ ಯಾವುದು ಎಂದು ಕೇಳುವ ಜಾಗದಲ್ಲಿ ಸಿಮ್ಮಿನ ವಿಚಾರ ತೆಗೆದರೆ ಯಾರಿಗಾದರೂ ನಗು ಬರುತ್ತದೆ. ಗುರುಗಳು ನಗಲಿಲ್ಲ. ಅವರು ಹರಿದ ಚಾಪೆಯೊಂದರ ಅಂಚನ್ನು ಹೊಲಿಯುತ್ತಿದ್ದರು. ಕೇಳಿದವನ ದನಿ ಕೊನೆಗೆ ನಡುಗಿದ್ದು ಅವರಿಗೆ ತಿಳಿದಿತ್ತು.

"ಅಂಥ ದೊಡ್ಡದು ಏನು ಕಿತ್ಕೊಂಡ್ರಪ್ಪಾ?"

"ದೊಡ್ಡದೇನಲ್ಲ ಬುದ್ಧಿ. ಆದ್ರೆ ನನ್ನದು ಅಂತ ಇತ್ತಲ್ಲ. ಇಷ್ಟು ವರ್ಷ ನಿಯತ್ತಾಗಿದ್ದೋನಿಗೆ ಏನೂ ಇಲ್ಲ, ನಿನ್ನೆ ಬಂದೋನಿಗೆ ಎಲ್ಲ ಇದೆ. ಹೊಟ್ಟೆ ಉರಿಯತ್ತೆ."

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ತೆಗೆದು ನೋಡಿದ, ಕಟ್ ಮಾಡಿದ, ಮಗುಚಿ ಪಕ್ಕದಲ್ಲಿಟ್ಟುಕೊಂಡ. "ತಪ್ಪಾಯ್ತು ಬುದ್ಧಿ" ಎಂದ. ಗುರುಗಳು ಸೂಜಿಯನ್ನು ಚಾಪೆಗೆ ಚುಚ್ಚಿಟ್ಟು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೊಬ್ಬ ತಮ್ಮ. ತಂದೆ ಚಿಕ್ಕಂದಿನಲ್ಲೇ ಹೋಗಿದ್ದ. ತಾಯಿ ಇಬ್ಬರನ್ನೂ ಸಾಕಿ, ಅಂಗಡಿಯನ್ನು ಅವರ ಕೈಗಿಟ್ಟು ಕಣ್ಣು ಮುಚ್ಚಿದಳು. ಅಣ್ಣ ಗಲ್ಲಾದ ಹಿಂದೆ ಕೂತು ವ್ಯಾಪಾರ ನೋಡುತ್ತಿದ್ದ. ತಮ್ಮ ಬಾಗಿಲ ಬಳಿ ಕೂತು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೊಟ್ಟವರು ಯಾರೆಂದು ಮರೆತುಹೋದೀತು ಎಂಬ ಭಯ ನಮ್ಮ ಜನಕ್ಕೆ ಬಹಳ. ಹೆಸರಾದ ಮೇಲೆ ಪಾತ್ರೆಯ ತಳದಲ್ಲಿ ತಮ್ಮ ಅಂಗಡಿಯ ಫೋನ್ ನಂಬರನ್ನೂ ಕೊರೆಯುತ್ತಿದ್ದ. ಹತ್ತು ಅಂಕಿ. ಆ ಹತ್ತು ಅಂಕಿ ಅವನ ತಲೆಗಿಂತ ಮೊದಲು ಅವನ ಬೆರಳಿಗೆ ಬಾಯಿಪಾಠವಾಗಿತ್ತು.

ಒಮ್ಮೆ ಎರಡು ಚೀಟಿ ಒಟ್ಟಿಗೆ ಬಂದವು. ಒಂದು ಮದುವೆಯದು: ಸೋದರಮಾವನೊಬ್ಬ ಐವತ್ತು ಬಟ್ಟಲುಗಳ ಮೇಲೆ ತನ್ನ ಹೆಸರು ಹಾಕಿಸಿ ಹಂಚಬೇಕೆಂದಿದ್ದ. ಇನ್ನೊಂದು ಪುಣ್ಯತಿಥಿಯದು: ತೀರಿಕೊಂಡವರ ಹೆಸರಿನ ಮುಂದೆ 'ಸ್ಮರಣಾರ್ಥ' ಎಂದು ಬರೆಯಬೇಕಿತ್ತು. ಗಡಿಬಿಡಿಯ ದಿನ. ತಮ್ಮನ ಕೈ ತಪ್ಪಿತು. ಸೋದರಮಾವ ಬಟ್ಟಲು ಒಯ್ಯಲು ತಾನೇ ಬಂದ, ಒಂದನ್ನು ಕೈಗೆತ್ತಿಕೊಂಡ, ತನ್ನ ಹೆಸರಿನ ಮುಂದೆ 'ಸ್ಮರಣಾರ್ಥ' ಎಂದು ಇರುವುದನ್ನು ಓದಿದ. ಐವತ್ತರಲ್ಲೂ ಹಾಗೇ ಇತ್ತು.

ನಗಬೇಡ ಕರಿಬಸಯ್ಯ, ಅವತ್ತು ಅಲ್ಲಿ ಯಾರೂ ನಗಲಿಲ್ಲ. ಮಾವ ಕೂಗಾಡಿದ. ಅಣ್ಣನಿಗೆ ಪೇಟೆಯ ಎದುರು ತಲೆ ತಗ್ಗಿತು. ಅವನು ಎಲ್ಲರಿಗೂ ಕೇಳುವಂತೆ ತಮ್ಮನಿಗೆ ಹೇಳಿದ:

"ಸತ್ತೋರು ಯಾರು ಬದುಕಿರೋರು ಯಾರು ಅಂತ ಗೊತ್ತಾಗದೋನು ನನ್ನ ಅಂಗಡೀಲಿ ಯಾಕೆ? ಎದ್ದು ಹೋಗು. ನೀನೇ ಬಂದು ತಪ್ಪಾಯ್ತು ಅನ್ನೋವರೆಗೂ ಮುಖ ತೋರಿಸಬೇಡ."

ತಮ್ಮ ಕೊರೆಯುವ ಉಳಿಯನ್ನು ಕೆಳಗಿಟ್ಟ. ಪಂಚೆಗೆ ಕೈ ಒರೆಸಿಕೊಂಡ. ಮೆಟ್ಟಿಲಿಳಿದು ಹೋದ. ಮಧ್ಯಾಹ್ನದ ಊಟಕ್ಕೆ ಬಂದೇ ಬರುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅತ್ತಿಗೆ ಮುದ್ದೆ ಆರದಂತೆ ಮುಚ್ಚಿಟ್ಟಳು. ಅವನು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಎಂಟು ದಿನ ಕಳೆಯಿತು. ಸೋಮವಾರ ಬೆಳಿಗ್ಗೆ ವ್ಯಾಪಾರಿ ಅಂಗಡಿ ತೆರೆದು ಊದುಬತ್ತಿ ಹಚ್ಚುತ್ತಿದ್ದಾಗ ಫೋನು ಹೊಡೆಯಿತು. ಗೊತ್ತಿಲ್ಲದ ನಂಬರು. ಒಂದು ರಿಂಗು, ಎರಡು, ಮೂರು. ನಿಂತಿತು.

ವ್ಯಾಪಾರಿಗೆ ಯಾರೆಂದು ತಿಳಿಯಿತು. ಒಂದು ಕರೆಯ ದುಡ್ಡಿಗೂ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಆ ಮನೆಯವರು ಮಾಡಿಕೊಂಡಿದ್ದ ಪದ್ಧತಿ ಅದು. ಪಾತ್ರೆ ತರಲು ದೂರದ ಊರಿಗೆ ಹೋದವನು ಅಲ್ಲಿ ಮುಟ್ಟಿದ ಮೇಲೆ ಮೂರು ರಿಂಗು ಕೊಟ್ಟು ಕಟ್ ಮಾಡಬೇಕು. ಮುಟ್ಟಿದೆ, ಚೆನ್ನಾಗಿದ್ದೇನೆ ಎಂದು ಅರ್ಥ. ಎತ್ತುವ ಹಾಗಿಲ್ಲ.

ಅವತ್ತು ವ್ಯಾಪಾರಿಯ ಕಣ್ಣು ತುಂಬಿದ್ದು ನಿಜ. ಆದರೂ ಆ ನಂಬರಿಗೆ ಅವನು ತಿರುಗಿ ಮಾಡಲಿಲ್ಲ. ತಪ್ಪು ಮಾಡಿದವನು ಮೊದಲು ಮಾತಾಡಲಿ ಎಂದುಕೊಂಡ. ಮುಂದಿನ ಸೋಮವಾರ ಮತ್ತೆ ಮೂರು ರಿಂಗು ಬಂತು. ಅದರ ಮುಂದಿನ ಸೋಮವಾರವೂ ಬಂತು. ನಂಬರು ಮಾತ್ರ ಬದಲಾಗುತ್ತಿತ್ತು. ಒಮ್ಮೆ ಲಾರಿಯವನದು, ಒಮ್ಮೆ ಹೋಟೆಲಿನದು, ಒಮ್ಮೆ ಯಾವುದೋ ಭಾಷೆಯ ಊರಿನದು.

ಹೀಗೆ ಆರು ವರ್ಷ ನಡೆಯಿತು. ಮೊದಲ ವರ್ಷ ಅವನು ಸಿಟ್ಟಿಗೆ ಎತ್ತಲಿಲ್ಲ. ಎರಡನೆಯ ವರ್ಷ ಸಿಟ್ಟು ಇಳಿದಿತ್ತು, ಹಟ ಇಳಿದಿರಲಿಲ್ಲ. ಆಮೇಲೆ ಹಟವೂ ಹೋಗಿ ಹೆದರಿಕೆ ಬಂತು. ಎತ್ತಿದರೆ ಏನು ಮಾತಾಡುವುದು? ಬರುವುದಿಲ್ಲ ಎಂದುಬಿಟ್ಟರೆ? ಇಷ್ಟಾದರೂ ಬರುತ್ತಿದೆಯಲ್ಲ, ಇದನ್ನೂ ಕಳೆದುಕೊಳ್ಳುವುದೇಕೆ ಎಂದು ಸುಮ್ಮನಿದ್ದ. ಸೋಮವಾರ ಮೂರು ರಿಂಗು ಕೇಳಿಸಿದರೆ ಅವನ ವಾರ ಸರಾಗ. ಕೇಳಿಸುವವರೆಗೆ ಅವನು ಕಾಫಿ ಕುಡಿಯುತ್ತಿರಲಿಲ್ಲ.

ಈಗ ನಿನ್ನ ಕಂಪನಿಯ ವಿಚಾರಕ್ಕೆ ಬರುತ್ತೇನೆ.

ಆ ವ್ಯಾಪಾರಿಯೂ ನಿನ್ನ ಹಾಗೆ ಹಳೆಯ ಗ್ರಾಹಕ. ನಿನಗಿಂತ ಎರಡು ವರ್ಷ ಹೆಚ್ಚು. ಕಂಪನಿ ಅವನಿಗೆ ಹೊಸ ವರ್ಷಕ್ಕೆ ಅವನ ಹೆಸರು ಅಚ್ಚಾದ ಕ್ಯಾಲೆಂಡರ್ ಕಳಿಸುತ್ತಿತ್ತು. ಅವರ ಆಫೀಸಿಗೆ ಹೋದರೆ ಸಾಲಿನಲ್ಲಿ ನಿಲ್ಲಿಸದೆ ಕುರ್ಚಿ ಹಾಕುತ್ತಿತ್ತು. ಕಾಲರ್ ಟ್ಯೂನನ್ನು ಬಿಟ್ಟಿ ಕೊಡುತ್ತಿತ್ತು. ಆ ಟ್ಯೂನು ಒಂದು ಜೋಗುಳದ ಧಾಟಿ. ತಾಯಿ ಹೋದ ವರ್ಷ ತಮ್ಮನೇ ಹುಡುಕಿ ಹಾಕಿಸಿದ್ದು. ತಾಯಿ ಗುನುಗುತ್ತಿದ್ದದ್ದು ಹೆಚ್ಚು ಕಡಿಮೆ ಹಾಗೇ ಇರುತ್ತಿತ್ತಂತೆ.

ಸವಲತ್ತುಗಳು ಒಂದೊಂದಾಗಿ ಹೋದವು. ಕ್ಯಾಲೆಂಡರ್ ನಿಂತಾಗ ವ್ಯಾಪಾರಿ ನಕ್ಕ. ಕುರ್ಚಿ ಹೋದಾಗ ಗೊಣಗಿದ. ಟ್ಯೂನು ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಂಪನಿ ಮೆಸೇಜು ಕಳಿಸಿತ್ತು. ದಿನಕ್ಕೆ ಹತ್ತು ಮೆಸೇಜು ಕಳಿಸುವವರ ಹನ್ನೊಂದನೆಯ ಮೆಸೇಜನ್ನು ಯಾರು ಓದುತ್ತಾರೆ? ಇನ್ನು, ಟ್ಯೂನು ಫೋನಿನ ಯಜಮಾನನಿಗೆ ಕೇಳಿಸುವುದಿಲ್ಲವಲ್ಲ. ಅದು ಕೇಳಿಸುವುದು ಕರೆದವನಿಗೆ.

ಒಂದು ಸೋಮವಾರ ಫೋನು ಹೊಡೆಯಿತು. ಮೊದಲ ರಿಂಗು ಪೂರ್ತಿಯಾಗುವ ಮೊದಲೇ ನಿಂತಿತು. ವ್ಯಾಪಾರಿ ಊದುಬತ್ತಿ ಹಿಡಿದುಕೊಂಡು ಕಾದ. ಮತ್ತೆ ಬರಲಿಲ್ಲ. ಯಾರೋ ತಪ್ಪಿ ಮಾಡಿರಬೇಕು, ತಮ್ಮನದು ಇನ್ನೂ ಬರಬೇಕು ಎಂದುಕೊಂಡ. ಅವತ್ತು ಅವನು ಕಾಫಿ ಕುಡಿಯಲಿಲ್ಲ. ಮುಂದಿನ ಸೋಮವಾರ ಏನೂ ಬರಲಿಲ್ಲ. ಮೂರನೆಯ ಸೋಮವಾರವೂ ಬರಲಿಲ್ಲ. ಅವನಿಗೆ ಊಟ ಸೇರದಾಯಿತು. ತಮ್ಮನಿಗೆ ಏನಾಯಿತೋ, ಯಾವ ಆಸ್ಪತ್ರೆಯಲ್ಲಿದ್ದಾನೋ, ಇದ್ದಾನೋ ಇಲ್ಲವೋ ಎಂದು ಮನಸ್ಸು ಕಂಡಕಂಡಲ್ಲಿಗೆ ಓಡಿತು.

ಆಗ ಅವನು ಆರು ವರ್ಷದಲ್ಲಿ ಮಾಡದಿದ್ದ ಕೆಲಸ ಮಾಡಿದ. ಕೊನೆಯ ಸಲ ಮೂರು ರಿಂಗು ಬಂದಿದ್ದ ನಂಬರಿಗೆ ತಾನೇ ಕರೆ ಮಾಡಿದ. ಅದೊಂದು ಹೋಟೆಲು. ಎತ್ತಿದವನು ಮುರುಕು ಕನ್ನಡದಲ್ಲಿ ಹೇಳಿದ: "ಆ ಮನುಷ್ಯ ಕೆಲಸ ಬಿಟ್ಟು ಮೂರು ವಾರ ಆಯ್ತು. ಎಲ್ಲಿ ಹೋದ ಗೊತ್ತಿಲ್ಲ. ನೀವು ಯಾರು?"

ನೀವು ಯಾರು ಎಂದು ಕೇಳಿದ್ದೇ ತಡ, ವ್ಯಾಪಾರಿ ಫೋನು ಇಟ್ಟುಬಿಟ್ಟ.

ಅದೇ ದಿನ ಮಧ್ಯಾಹ್ನ ಹೆಂಡತಿ ಊಟ ತಂದಳು. ತಂದವಳು ಹೇಳಿದಳು: "ರೀ, ನಿಮ್ಮ ಫೋನಲ್ಲಿ ಅತ್ತೆ ಹಾಡು ಬರ್ತಿಲ್ಲ. ಈಗ ಬರುವಾಗ ಮಾಡ್ದೆ, ಬರೀ ಟ್ರಿಣ್ ಟ್ರಿಣ್ ಅಂತಿದೆ. ಬೇರೆ ಯಾರದೋ ನಂಬರಿಗೆ ಹೋಯ್ತೇನೋ ಅಂತ ನಾನೇ ಕಟ್ ಮಾಡಿದ್ದೆ."

ವ್ಯಾಪಾರಿ ತುತ್ತು ಕೆಳಗಿಟ್ಟ. ಅವತ್ತು ಅರ್ಧ ರಿಂಗಿಗೆ ಕಟ್ ಮಾಡಿದ ತಮ್ಮನೂ ಹಾಗೇ ಅಂದುಕೊಂಡಿದ್ದಾನೆ. ಈ ನಂಬರು ಅಣ್ಣನದಲ್ಲ, ಬೇರೆ ಯಾರದೋ ಆಯಿತು ಎಂದುಕೊಂಡಿದ್ದಾನೆ. ಅವನಿಗೆ ತಮ್ಮನ ಮೇಲಿದ್ದ ಚಿಂತೆಯೆಲ್ಲ ಒಂದೇ ಏಟಿಗೆ ಕಂಪನಿಯ ಮೇಲಿನ ಸಿಟ್ಟಾಯಿತು. ಸಿಟ್ಟು ಮಾಡುವುದು ಚಿಂತೆ ಮಾಡುವುದಕ್ಕಿಂತ ಸುಲಭ. ನಿನಗೂ ಗೊತ್ತಿರಬೇಕು.

ಇಲ್ಲಿಗೆ ಬಂದಾಗ ಕರಿಬಸಯ್ಯನ ಪಕ್ಕದಲ್ಲಿ ಮಗುಚಿಟ್ಟಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಅವನು ಅರ್ಧ ಎತ್ತಿ ನೋಡಿದ. ಪರದೆಯ ಮೇಲೆ ಅವನ ಅಕ್ಕನ ಹೆಸರಿತ್ತು. ಮನೆ ಪಾಲಾಗುವಾಗ ಆಡಿದ ಒಂದು ಮಾತಿನಿಂದ ಅವರಿಬ್ಬರ ನಡುವೆ ಮಾತು ನಿಂತು ಒಂದು ವರ್ಷವಾಗಿತ್ತು. ಈಚೆಗೆ ಅವಳೇ ಮಾಡುತ್ತಿದ್ದಳು. ಆಮೇಲೆ ಮಾಡಿದರಾಯಿತು ಎಂದು ಅವನು ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಈಗಲೂ ಹಾಗೇ ಹೇಳಿಕೊಂಡು ಕಟ್ ಮಾಡಿದ. "ಮುಂದೆ, ಬುದ್ಧಿ?" ಎಂದ. ಗುರುಗಳು ಅವನ ಕೈಯನ್ನು ಒಂದು ಗಳಿಗೆ ನೋಡಿ ಮುಂದುವರಿಸಿದರು.

ವ್ಯಾಪಾರಿ ಕಂಪನಿಯ ಆಫೀಸಿಗೆ ಹೋದ. ಸಾಲಿನಲ್ಲಿ ನಿಂತ. ಕೌಂಟರಿನಲ್ಲಿದ್ದ ಹೆಂಗಸು ಪರದೆ ನೋಡಿ, "ಆ ಸ್ಕೀಮ್ ಮುಗೀತು ಸರ್. ತಿಂಗಳಿಗಿಷ್ಟು ಅಂತ ಕಟ್ಟಿದ್ರೆ ಈಗಲೇ ಟ್ಯೂನ್ ಹಾಕ್ಕೊಡ್ತೀನಿ" ಎಂದಳು. ಅವಳು ಹೇಳಿದ್ದು ಎರಡು ಕಾಫಿಯ ದುಡ್ಡು.

"ನಾನು ಹದಿನಾರು ವರ್ಷದಿಂದ ನಿಮ್ಮ ಗ್ರಾಹಕ" ಎಂದ ವ್ಯಾಪಾರಿ.

"ಹೌದು ಸರ್, ಇಲ್ಲಿ ಕಾಣ್ತಿದೆ" ಎಂದಳು ಅವಳು. ಅವಳ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಎರಡು ಕಾಫಿಯ ದುಡ್ಡು ಕೊಟ್ಟಿದ್ದರೆ ಜೋಗುಳ ಅವತ್ತೇ ಬರುತ್ತಿತ್ತು. ಅವನು ಕೊಡಲಿಲ್ಲ. ಇದು ದುಡ್ಡಿನ ಮಾತಲ್ಲ, ಮರ್ಯಾದೆಯ ಮಾತು ಎಂದ. ಮರ್ಯಾದೆಯಿಂದ ಕೊಟ್ಟದ್ದನ್ನು ಕಿತ್ತುಕೊಂಡವರು ಅವರು, ತಪ್ಪು ಮಾಡಿದವರು ಅವರು, ಮೊದಲು ಬಗ್ಗಬೇಕಾದವರೂ ಅವರೇ. ಇದೇ ಮಾತನ್ನು ಅವನು ಹಿಂದೆಯೂ ಒಮ್ಮೆ ಆಡಿದ್ದ. ಅದು ಅವನಿಗೆ ಆಗ ನೆನಪಾಗಲಿಲ್ಲ.

ಆಫೀಸಿನ ಎದುರಿಗೇ ಇನ್ನೊಂದು ಕಂಪನಿಯವನು ರಸ್ತೆ ಬದಿಯಲ್ಲಿ ದೊಡ್ಡ ಕೊಡೆ ನೆಟ್ಟುಕೊಂಡು ಕೂತಿದ್ದ. ಸಿಟ್ಟಾಗಿ ಹೊರಗೆ ಬರುವವರ ಮುಖ ಅವನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. "ಬನ್ನಿ ಯಜಮಾನ್ರೇ. ಅದೇ ನಂಬರ್ ಇರತ್ತೆ. ಟ್ಯೂನ್ ನಮ್ಮಲ್ಲಿ ಫ್ರೀ. ಪೋರ್ಟ್ ಮಾಡ್ಸಿ, ನಾಲ್ಕು ದಿನದಲ್ಲಿ ನೀವು ನಮ್ಮೋರು" ಎಂದ. ಬದಲಾಗುವ ದಿನ ಮಾತ್ರ ಕೆಲವು ಗಂಟೆ ಫೋನು ಸತ್ತಿರುತ್ತದೆ ಎಂದೂ ಹೇಳಿದ. ಅವತ್ತು ಗುರುವಾರ. ವ್ಯಾಪಾರಿ ಬೆರಳು ಮಡಿಸಿ ಎಣಿಸಿದ. ನಾಲ್ಕನೆಯ ದಿನ ಭಾನುವಾರ. ಸೋಮವಾರಕ್ಕೆ ಏನೂ ತೊಂದರೆಯಿಲ್ಲ. ಕೊಡೆಯ ಕೆಳಗೇ ನಿಂತು ಪೋರ್ಟಿನ ಮೆಸೇಜು ಕಳಿಸಿದ.

ಕಳಿಸಿ ಅಂಗಡಿಗೆ ಬಂದು ಕೂರುವಷ್ಟರಲ್ಲಿ ಹಳೆಯ ಕಂಪನಿಯವರ ಕರೆ ಬಂತು. ಹದಿನಾರು ವರ್ಷದಲ್ಲಿ ಕಂಪನಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ವ್ಯಾಪಾರಿ ಒಂದೇ ರಿಂಗಿಗೆ ಎತ್ತಿದ.

"ಸರ್, ನೀವು ನಮಗೆ ಬಹಳ ಬೇಕಾದ ಗ್ರಾಹಕರು. ಏನು ಬೇಜಾರಾಯ್ತು ಹೇಳಿ."

ಅವನು ಹೇಳಿದ. ಕ್ಯಾಲೆಂಡರಿನಿಂದ ಶುರು ಮಾಡಿ ಎಲ್ಲ ಹೇಳಿದ. ಆ ಕಡೆಯವನು ಪ್ರತಿ ಮಾತಿಗೂ ತಪ್ಪಾಯ್ತು ಸರ್, ತಪ್ಪಾಯ್ತು ಸರ್ ಎಂದ. ವ್ಯಾಪಾರಿಗೆ ಎದೆ ತಣ್ಣಗಾಯಿತು. ಆರು ವರ್ಷದಿಂದ ಕೇಳಬೇಕೆಂದಿದ್ದ ಆ ಮಾತು ಕೇಳಿಸಿತು. ಹೇಳಿದ ಬಾಯಿ ಮಾತ್ರ ಬೇರೆ. ಯೋಚನೆ ಮಾಡಿ ಹೇಳ್ತೀನಿ ಎಂದು ಫೋನಿಟ್ಟ. ಶುಕ್ರವಾರ ಮತ್ತೆ ಕರೆ ಬಂತು, ಅದನ್ನೂ ಒಂದೇ ರಿಂಗಿಗೆ ಎತ್ತಿದ. ಶನಿವಾರ ಬೆಳಿಗ್ಗೆ ಮೂರನೆಯದು. "ಸರ್, ಟ್ಯೂನ್ ಇವತ್ತೇ ವಾಪಸ್ ಹಾಕ್ತೀವಿ. ನೀವು ಹೂಂ ಅಂದ್ರೆ ಸಾಕು, ಪೋರ್ಟ್ ಕ್ಯಾನ್ಸಲ್ ಮಾಡ್ಕೊಳ್ಳಿ" ಎಂದರು.

ಹೆಂಡತಿ ಪಕ್ಕದಲ್ಲೇ ಇದ್ದಳು. "ಹೂಂ ಅನ್ನಿ" ಎಂದು ಕೈಸನ್ನೆ ಮಾಡಿದಳು.

ವ್ಯಾಪಾರಿ ಹೂಂ ಎನ್ನಲಿಲ್ಲ. "ಸಾಯಂಕಾಲ ಮಾಡಿ" ಎಂದ.

"ಯಾಕ್ರೀ?" ಎಂದಳು ಹೆಂಡತಿ. "ಹಾಡು ಇವತ್ತೇ ಬರ್ತಿತ್ತಲ್ಲ. ಸೋಮವಾರ ಮೈದುನ ಮಾಡಿದ್ರೆ ಕೇಳಿಸ್ಕೋತಿದ್ದ."

"ಇನ್ನೊಂದು ಸಲ ಕೇಳ್ಲಿ. ಆಮೇಲೆ ನೋಡೋಣ."

ಸಾಯಂಕಾಲ ಕರೆ ಬರಲಿಲ್ಲ. ಕಂಪನಿಗೆ ಮೂರು ಸಲ ಕೇಳುವ ನಿಯಮವಿತ್ತೋ ಏನೋ, ನಾಲ್ಕನೆಯ ಸಲ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ವ್ಯಾಪಾರಿ ತಾನೇ ಅವರಿಗೆ ಮಾಡಿದ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. ಒತ್ತಿದ. ಕ್ಯಾನ್ಸಲ್ ಮಾಡುವ ಸಮಯ ಮೀರಿದೆ ಎಂದಿತು. ಆಮೇಲೆ ಒಂದು ಮೆಸೇಜು ಬಂತು. ಈ ಸಲ ಅವನು ಓದಿದ. ನಡುವೆ ರಜೆ ಬಂದದ್ದರಿಂದ ಅವನ ನಂಬರು ಭಾನುವಾರದ ಬದಲು ಸೋಮವಾರ ಬೆಳಿಗ್ಗೆ ಬದಲಾಗುವುದು ಎಂದಿತ್ತು.

ಸೋಮವಾರ ಅವನು ಅಂಗಡಿ ತೆರೆದಾಗ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಹಳೆಯ ಸಿಮ್ಮು ಸತ್ತಿತ್ತು, ಹೊಸದು ಹುಟ್ಟಿರಲಿಲ್ಲ. ಊದುಬತ್ತಿ ಹಚ್ಚುವ ಹೊತ್ತಾಯಿತು. ಅವನು ಹಚ್ಚಲಿಲ್ಲ. ಹಚ್ಚದಿದ್ದರೆ ಆ ಹೊತ್ತು ತನಗಾಗಿ ಕಾದು ನಿಲ್ಲುತ್ತದೆ ಎಂದುಕೊಂಡನೋ ಏನೋ ಪಾಪ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅಂಗಡಿಗೆ ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿದ. ಈ ಗಳಿಗೆಯಲ್ಲೇ ಎಲ್ಲೋ ತಮ್ಮ ಯಾರದೋ ಫೋನು ಕೇಳಿ ಪಡೆದು, ಆ ಹತ್ತು ಅಂಕಿ ಒತ್ತುತ್ತಿದ್ದರೆ? ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಫೋನು ಸತ್ತಿರುವಾಗ ಬಂದ ಕರೆ ಎಲ್ಲಿಯೂ ಬರೆದಿರುವುದಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಒಬ್ಬಳು ಮುದುಕಿ ಮೆಟ್ಟಿಲು ಹತ್ತಿ ಬಂದಳು. ಅವಳ ಕೈಯಲ್ಲಿ ಒಂದು ಹಳೆಯ ತಪ್ಪಲೆ. ಕಂಠ ಬಿಟ್ಟುಕೊಂಡಿದೆ, ಕೂಡಿಸಿ ಕೊಡಿ ಎಂದು ಕೇಳಲು ಬಂದವಳು.

"ಏನಪ್ಪಾ, ಬದುಕಿದೀಯಾ?" ಎಂದಳು. "ತಳದಲ್ಲಿರೋ ನಂಬರಿಗೆ ಬೆಳಗ್ಗೆಯಿಂದ ನಮ್ಮ ಮೊಮ್ಮಗಳ ಕೈಲಿ ಮಾಡಿಸ್ತಿದೀನಿ. ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತಾಳೆ ಅವಳ್ಯಾರೋ. ಇವನು ಹೋಗೇಬಿಟ್ಟನಾ ಅಂತ ನೋಡೋಕ್ಕೆ ಬಂದೆ."

ವ್ಯಾಪಾರಿ ತಪ್ಪಲೆಯನ್ನು ಇಸಿದುಕೊಂಡು ಮಗುಚಿದ. ತಳದಲ್ಲಿ ತಮ್ಮನ ಕೈಯ ಹತ್ತು ಅಂಕಿ. ಎಷ್ಟು ಸಲ ಬೂದಿ ಹಾಕಿ ತಿಕ್ಕಿದ್ದರೂ ಅಳಿಸಿರಲಿಲ್ಲ. ಅಸ್ತಿತ್ವದಲ್ಲಿಲ್ಲ. ತಮ್ಮ ಅದನ್ನು ಕೇಳಿಸಿಕೊಂಡಿದ್ದರೆ ಇನ್ನು ಅವನು ಯಾವ ಸೋಮವಾರವೂ ಮಾಡುವುದಿಲ್ಲ. ಬದುಕಿರುವವನ ಹೆಸರಿನ ಮುಂದೆ ಯಾರೋ ಸ್ಮರಣಾರ್ಥ ಎಂದು ಕೊರೆದರೆ ಹೇಗಿರುತ್ತದೆ ಎಂಬುದು ವ್ಯಾಪಾರಿಗೆ ಆಗ ತಿಳಿಯಿತು. ಇದನ್ನು ಕೊರೆದವನು ತಮ್ಮನಲ್ಲ ಎಂಬುದೂ ತಿಳಿಯಿತು.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಹೊಸ ಸಿಮ್ಮಿಗೆ ಜೀವ ಬಂತು. ಕೊಡೆಯವನೇ ಬಂದು ಟ್ಯೂನು ಹಾಕಿಕೊಟ್ಟು, ನಮ್ಮ ಕಂಪನಿಗೆ ಸ್ವಾಗತ ಎಂದು ಹೇಳಿ ಹೋದ. ಮಧ್ಯಾಹ್ನ ಹೆಂಡತಿ ಊಟ ತಂದಾಗ ವ್ಯಾಪಾರಿ, "ನಿನ್ನ ಫೋನು ಕೊಡು, ಹಾಡು ಬಂತಾ ನೋಡ್ತೀನಿ" ಎಂದ. ಅವಳ ಫೋನನ್ನು ಕಿವಿಗೆ ಹಿಡಿದು ತನ್ನ ನಂಬರಿಗೆ ತಾನೇ ಮಾಡಿದ. ಅವನ ಫೋನು ಎದುರಿಗೆ ಗಲ್ಲಾದ ಮೇಲಿತ್ತು.

ಜೋಗುಳ ಶುರುವಾಯಿತು. ಕೇಳಿ ಎಷ್ಟೋ ವರ್ಷವಾಗಿದ್ದ ಧಾಟಿ. ಅವನು ಕಣ್ಣು ಮುಚ್ಚಿದ. ತಾಯಿಯ ತೊಡೆ, ಪಕ್ಕದಲ್ಲಿ ತಮ್ಮನ ಪುಟ್ಟ ಕಾಲು, ಎಲ್ಲ ನೆನಪಾಯಿತು. ಎದುರಿಗೆ ಅವನ ಫೋನು ಹೊಡೆಯುತ್ತಲೇ ಇತ್ತು. ಮೂರು ರಿಂಗು ಆಯಿತು, ಐದಾಯಿತು, ಹತ್ತಾಯಿತು. ಅವನು ಮಾಡಿದ ಕರೆ, ಅವನದೇ ಫೋನು, ಎತ್ತುವವರಿಲ್ಲ. ಜೋಗುಳ ಒಂದು ಸುತ್ತು ಮುಗಿದು ಎರಡನೆಯ ಸುತ್ತಿನ ನಡುವೆ ಕತ್ತರಿಸಿಹೋಯಿತು. ಒಂದು ಹೆಣ್ಣು ದನಿ, ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ ಎಂದಿತು.

ವ್ಯಾಪಾರಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಹಾಡು ಇಷ್ಟು ದಿನ ತಮ್ಮನಿಗೆ ತಾನು ಕೊಟ್ಟಿದ್ದ ಸುಖ ಎಂದುಕೊಂಡಿದ್ದ. ಎತ್ತಿದರೆ ಹಾಡು ನಿಲ್ಲುತ್ತದೆ. ಎತ್ತದೆ ಇರುವಷ್ಟು ಹೊತ್ತು ಮಾತ್ರ ಅದು ಕೇಳಿಸುತ್ತದೆ. ಆರು ವರ್ಷ, ಪ್ರತಿ ಸೋಮವಾರ, ತಮ್ಮ ಕೇಳಿಸಿಕೊಂಡದ್ದು ಅದನ್ನೇ. ವ್ಯಾಪಾರಿ ಗಲ್ಲಾದ ಮೇಲೆ ತಲೆಯಿಟ್ಟು ಅತ್ತ. ಹೆಂಡತಿ ಸಮಾಧಾನ ಮಾಡಲಿಲ್ಲ. ಅವಳು ಆ ಅಳುವಿಗಾಗಿ ಆರು ವರ್ಷದಿಂದ ಕಾಯುತ್ತಿದ್ದಳು.

ಆ ವಾರ ಅವನು ಯಾರೊಂದಿಗೂ ಕಂಪನಿಯ ಮಾತಾಡಲಿಲ್ಲ. ಹಳೆಯದು ಒಳ್ಳೆಯದಿತ್ತೋ, ಹೊಸದು ಒಳ್ಳೆಯದೋ ಎಂದು ಕೇಳಿದವರಿಗೆ, ಯಾವುದೋ ಒಂದು ಎಂದ. ಸ್ನಾನಕ್ಕೆ ಹೋದರೂ ಫೋನನ್ನು ಬಾಗಿಲ ಹೊರಗೆ ಇಟ್ಟುಕೊಂಡ. ಮಾತಾಡಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದ, ಮುರಿದ, ಮತ್ತೆ ಕಟ್ಟಿದ.

ಸೋಮವಾರ ಬಂತು. ಬಾಗಿಲು ತೆರೆದ. ಊದುಬತ್ತಿ ಹಚ್ಚಿದ. ಹೆಂಡತಿಯೂ ಅವತ್ತು ಅಂಗಡಿಗೆ ಬಂದು, ತಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತಳು. ಊದುಬತ್ತಿ ಅರ್ಧ ಉರಿದು ಹೋಯಿತು. ಪೂರ್ತಿ ಉರಿಯಿತು. ಅವನು ಇನ್ನೊಂದನ್ನು ಹಚ್ಚಿದ.

ಫೋನು ಹೊಡೆಯಿತು. ಗೊತ್ತಿಲ್ಲದ ನಂಬರು.

ಒಂದು ರಿಂಗು. ಅವನ ಕೈ ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು. ಆರು ವರ್ಷದ ಅಭ್ಯಾಸ ಎಂದರೆ ಕೈಗೆ ಕಟ್ಟಿದ ಕಲ್ಲು. ಎತ್ತಿದರೆ ತಮ್ಮ ಹೆದರಿ ಇಟ್ಟುಬಿಟ್ಟರೆ? ಎರಡು. ಕಟ್ಟಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಮೂರು. ಇಷ್ಟಕ್ಕೆ ನಿಲ್ಲಬೇಕು. ಪ್ರತಿ ಸಲ ಇಷ್ಟಕ್ಕೇ ನಿಲ್ಲುತ್ತಿತ್ತು.

ನಿಲ್ಲಲಿಲ್ಲ. ನಾಲ್ಕನೆಯ ರಿಂಗು ಶುರುವಾಯಿತು. ಆ ಮನೆಯ ಪದ್ಧತಿಯಲ್ಲಿ ನಾಲ್ಕನೆಯ ರಿಂಗಿಗೆ ಅರ್ಥವೇ ಇರಲಿಲ್ಲ. ಅದುವರೆಗೆ ಯಾರೂ ಅದನ್ನು ಕೊಟ್ಟವರಿಲ್ಲ. "ರೀ..." ಎಂದಳು ಹೆಂಡತಿ. ಐದನೆಯದು ಹೊಡೆಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚಾಪೆಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಹೊಲಿಗೆಗೆ ಕೈ ಹಾಕಿದರು. ಕಟ್ಟೆಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ. ಅವರು ಎರಡು ಹೊಲಿಗೆ ಹಾಕುವವರೆಗೂ ಕರಿಬಸಯ್ಯ ತಡೆದುಕೊಂಡ. ಆಮೇಲೆ ಅವನಿಂದ ಆಗಲಿಲ್ಲ.

"ಎತ್ತಿದನಾ, ಬುದ್ಧೀ?"

ಗುರುಗಳು ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ಅವನ ಕರೆಯ ಮಾತು ಇರಲಿ ಕರಿಬಸಯ್ಯ, ಇಲ್ಲಿ ಕೂತು ನೀನು ಎರಡು ಸಲ ಕಟ್ ಮಾಡಿದೆಯಲ್ಲ, ಅದು ಯಾರದು?"

ಕರಿಬಸಯ್ಯ ಪಕ್ಕದಲ್ಲಿದ್ದ ಫೋನನ್ನು ಕೈಗೆತ್ತಿಕೊಂಡ.